ಜಾತ್ರೆಯ ದಿನ ಊರು ಕಾದವರು

ತೇರು ಎಳೆಯುವ ಹೊತ್ತಿಗೆ ತಳವಾರ ತೇರಿನ ಹತ್ತಿರ ಇರುತ್ತಿರಲಿಲ್ಲ. ನಮ್ಮ ಕಡೆಯ ಜಾತ್ರೆಗಳ ಬಗ್ಗೆ ಬರೆದವರು ತೇರಿನ ಎತ್ತರ, ಕಳಸ, ಹಗ್ಗಕ್ಕೆ ಮೊದಲು ಕೈ ಹಚ್ಚುವ ಮನೆತನ, ಡೊಳ್ಳು, ಕರಡಿ ಮಜಲು, ಮರುದಿನದ ಕಡುಬಿನ ಕಾಳಗ ಎಲ್ಲವನ್ನೂ ಬರೆದಿದ್ದಾರೆ. ತೇರಿನ ಮೇಲೆ ಉತ್ತತ್ತಿ, ಬಾಳೆಹಣ್ಣು ತೂರುವ ಆ ಗದ್ದಲದ ಹೊತ್ತಿನಲ್ಲೇ ಖಾಲಿ ಓಣಿಗಳಲ್ಲಿ ಕೋಲು ಊರಿಕೊಂಡು ಒಬ್ಬನೇ ತಿರುಗುತ್ತಿದ್ದವನ ಬಗ್ಗೆ ಬರೆದವರು ಕಡಿಮೆ. ನಮ್ಮ ಅಜ್ಜ ಹಾವೇರಿ ಸೀಮೆಯ ಒಂದು ಸಣ್ಣ ಊರಿನ ತಳವಾರ, ಎಂದರೆ ಊರ ಕಾವಲುಗಾರ. ಅವನ ಅಪ್ಪನೂ ಅದೇ, ಅವನ ಅಜ್ಜನೂ ಅದೇ. ತೇರು ಹೊರಟು ನಿಲ್ಲುವ ತನಕ ಗುಡಿಯ ಕಡೆ ಅವನು ಮುಖ ಹಾಕಿದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ. ಕೇಳಿದರೆ ಹೇಳುತ್ತಿದ್ದ: "ತೇರ ನೋಡಾಕ ಊರ ಮಂದಿ ಎಲ್ಲಾ ಐತಿ. ಮನಿ ನೋಡಾಕ ನಾ ಒಬ್ಬಾವ ಅದೀನಿ."

ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಇನಾಂ ಜಮೀನುಗಳ ಹಳೆಯ ಕಡತಗಳು ವರ್ಷಗಟ್ಟಲೆ ನನ್ನ ಕೈಯಲ್ಲಿದ್ದವು. ಊರ ಚಾಕರಿಗೆ ಪ್ರತಿಯಾಗಿ ಬಿಟ್ಟ ತಳವಾರಕಿ ಹೊಲ, ಓಲೇಕಾರಕಿ ಹೊಲ, ಸೇತಸನದಿ ಹೊಲ ಎಂದು ಒಂದೊಂದು ಊರಿನಲ್ಲೂ ನಾಲ್ಕಾರು ಸರ್ವೆ ನಂಬರುಗಳು. ಎಕರೆ ಗುಂಟೆಗಳ ಆ ಲೆಕ್ಕದ ಹಿಂದೆ ಒಂದು ದೊಡ್ಡ ವ್ಯವಸ್ಥೆ ಇತ್ತು. ಹಬ್ಬಕ್ಕೆ ಜನ ನಿಶ್ಚಿಂತೆಯಿಂದ ಮನೆ ಬಿಟ್ಟು ಹೋಗಬೇಕಾದರೆ ಏನು ಬೇಕು ಎಂಬ ಪ್ರಶ್ನೆಗೆ ನಮ್ಮ ನಾಡು ಕೊಟ್ಟುಕೊಂಡಿದ್ದ ಉತ್ತರ ಅದು. ಆ ಉತ್ತರದಲ್ಲಿ ಒಳ್ಳೆಯದೂ ಇತ್ತು, ಘೋರ ಅನ್ಯಾಯವೂ ಇತ್ತು. ಎರಡನ್ನೂ ಹೇಳಬೇಕು.

ಊರು ಖಾಲಿಯಾಗುವ ದಿನಗಳು ಮೊದಲಿನಿಂದಲೂ ಗೊತ್ತಿರುವ ದಿನಗಳೇ. ಶೀಗಿಹುಣ್ಣಿಮೆ ಬಂತೆಂದರೆ ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಎಳ್ಳಮವಾಸ್ಯೆಗೂ ಹಾಗೆಯೇ. ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ತಿಂದು, ಮರದ ನೆರಳಿನಲ್ಲಿ ಮಲಗಿ ಎದ್ದು ಬರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಬನಶಂಕರಿ ಜಾತ್ರೆಗೋ ಎಲ್ಲಮ್ಮನ ಗುಡ್ಡಕ್ಕೋ ಹೊರಟರೆ ದಿನಗಟ್ಟಲೆ ಮನೆ ಬಿಟ್ಟಿರಬೇಕು. ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಕಡೆ ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿ ಹೊರಬೀಡು ಎಂಬ ಆಚರಣೆ ಉಂಟು. ರೋಗರುಜಿನ ತೊಲಗಲಿ ಎಂದು ಇಡೀ ಊರು, ಕೂಸು ಮುದುಕರು ದನಕರು ಸಮೇತ, ಬೆಳಗಾಗುವುದರೊಳಗೆ ಊರ ಹೊರಗೆ ಹೋಗಿ ಅಡುಗೆ ಮಾಡಿ ಉಣ್ಣುತ್ತದೆ. ಊರೊಳಗೆ ಒಂದು ಒಲೆಯೂ ಉರಿಯಬಾರದು. ದೇವರ ಭಯ ಇದ್ದವರಿಗೆ ಅದು ಮಡಿಯ ದಿನ. ಭಯ ಇಲ್ಲದವನಿಗೆ ನೂರಾರು ಮನೆಗಳ ಬಾಗಿಲು ಒಂದೇ ದಿನ ಸಿಕ್ಕಂತೆ. ಪಂಚಾಂಗ ನೋಡಿ ಹಬ್ಬ ಮಾಡುವವರು ಇರುವಂತೆ ಅದೇ ಪಂಚಾಂಗ ನೋಡಿ ಕನ್ನ ಹಾಕುವವರೂ ಇದ್ದರು.

ದಾರಿಗಳ ಕಥೆಯೂ ಹೀಗೆಯೇ. ಮಳೆಗಾಲದಲ್ಲಿ ಹೊಳೆ ಹಳ್ಳ ತುಂಬಿ ಸಂಚಾರ ನಿಂತಿರುತ್ತಿತ್ತು. ದಸರೆಯ ಹೊತ್ತಿಗೆ ನೀರು ಇಳಿದು, ಕೆಸರು ಆರಿ, ದಾರಿ ಬಿಡುತ್ತಿತ್ತು. ವಿಜಯದಶಮಿಗೆ ಸೀಮೋಲ್ಲಂಘನ ಮಾಡಿ ಅರಸರು ದಂಡು ಹೊರಡಿಸುತ್ತಿದ್ದದ್ದೂ ಅದಕ್ಕೇ, ವ್ಯಾಪಾರಿಗಳು ಹೇರು ಕಟ್ಟುತ್ತಿದ್ದದ್ದೂ ಅದಕ್ಕೇ, ಯಾತ್ರಿಕರು ಕಾಶಿಗೆ, ಪಂಢರಪುರಕ್ಕೆ ಹೊರಡುತ್ತಿದ್ದದ್ದೂ ಅದಕ್ಕೇ. ನರ್ಮದೆಯ ಆಸುಪಾಸಿನ ಪಿಂಡಾರಿಗಳು ಲೂಟಿಗೆ ಹೊರಡುತ್ತಿದ್ದದ್ದೂ ದಸರೆ ಮುಗಿದು ನದಿಗಳು ಕಾಲ್ನಡಿಗೆಗೆ ಸಿಕ್ಕ ಮೇಲೆಯೇ. 1816ರಲ್ಲಿ ಅವರ ಕುದುರೆಗಳು ದಕ್ಷಿಣದಲ್ಲಿ ಗುಂಟೂರಿನವರೆಗೂ ಬಂದು ಹೋದವು. ಬಯಲುಸೀಮೆಯ ಹಳ್ಳಿಗಳ ಮಣ್ಣಿನ ಗೋಡೆ, ಹುಡೆ, ರಾತ್ರಿ ಮುಚ್ಚುವ ಅಗಸಿ ಬಾಗಿಲು ಸುಮ್ಮನೆ ಹುಟ್ಟಿದ್ದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಊರಿಂದೂರಿಗೆ ಮಣ್ಣಿನ ಕೋಟೆಗಳನ್ನು ನೋಡಿ ಬರೆದುಕೊಂಡಿದ್ದಾನೆ. ದನ ಕದ್ದೊಯ್ಯುವವರ ಬೆನ್ನು ಹತ್ತಿ ಸತ್ತವರಿಗೆ ನಿಲ್ಲಿಸಿದ ತುರುಗೋಳ ವೀರಗಲ್ಲುಗಳು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇವೆ. ಊರು ಕಾಯುತ್ತ ಪ್ರಾಣ ಬಿಟ್ಟವನಿಗೆ ಕಲ್ಲು ನಿಲ್ಲಿಸುವಷ್ಟು ಆ ಕಾಲ ಕೃತಜ್ಞವಾಗಿತ್ತು.

ಹಬ್ಬದ ಜನಸಂದಣಿಯನ್ನು ಕಾಯುವ ಕೆಲಸ ದೊಡ್ಡ ಪ್ರಮಾಣದಲ್ಲಿ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ವಿಜಯನಗರದ ಮಹಾನವಮಿಯೇ ಸಾಕ್ಷಿ. ಹೆರಾತಿನ ಶಾರೂಖನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ 1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ಆ ಹಬ್ಬವನ್ನು ಕಣ್ಣಾರೆ ಕಂಡ. ನಾಡಿನ ಮೂಲೆ ಮೂಲೆಯಿಂದ ನಾಯಕರು ಆನೆಗಳ ಸಮೇತ ಬಂದು ನೆರೆಯುತ್ತಿದ್ದರು. ಅಷ್ಟು ಜನ, ಅಷ್ಟು ಒಡವೆ. ಟಂಕಸಾಲೆಯ ಎದುರಿಗೆ ನಗರ ಕಾಯುವ ಅಧಿಕಾರಿಯ ಚಾವಡಿ ಇತ್ತು, ಅವನ ಕೈಕೆಳಗೆ 12,000 ಕಾವಲಿನವರಿದ್ದರು, ಅವರ ಸಂಬಳ ವೇಶ್ಯಾವಾಟಿಕೆಗಳ ತೆರಿಗೆಯಿಂದ ಬರುತ್ತಿತ್ತು ಎಂದು ಅವನು ಬರೆಯುತ್ತಾನೆ. ಏಳು ಸುತ್ತಿನ ಕೋಟೆಯೊಳಗೆ ಏನು ನಡೆದರೂ ಅವರಿಗೆ ಗೊತ್ತಿರಬೇಕು. ಏನೇ ಕಳುವಾದರೂ ಅವರು ಹುಡುಕಿ ಕೊಡಬೇಕು, ಸಿಗದಿದ್ದರೆ ತಮ್ಮ ಕೈಯಿಂದ ದಂಡ ತೆರಬೇಕು. ಸುಮಾರು 1520ರಲ್ಲಿ ಕೃಷ್ಣದೇವರಾಯನ ಮಹಾನವಮಿ ನೋಡಿದ ಪೋರ್ಚುಗೀಸ್ ಪಯಣಿಗ ಡೊಮಿಂಗೊ ಪಾಯಸ್ ಬಾಗಿಲುಗಳಲ್ಲಿ ದೊಣ್ಣೆ, ಚರ್ಮದ ಚಾಟಿ ಹಿಡಿದು ನಿಂತ ಕಾವಲುಗಾರರನ್ನು ವರ್ಣಿಸುತ್ತಾನೆ. ಗುರುತು ಇಲ್ಲದವನಿಗೆ ಒಳಗೆ ಪ್ರವೇಶ ಇಲ್ಲ. ಮುಂದೆ ಅಚ್ಯುತರಾಯನ ಕಾಲಕ್ಕೆ ಬಂದ ಕುದುರೆ ವ್ಯಾಪಾರಿ ನೂನಿಜ್ ಕೂಡ ರಾಜಧಾನಿಯ ಕಳ್ಳತನಗಳಿಗೆ ಕಾವಲಿನ ಮುಖ್ಯಸ್ಥನೇ ಉತ್ತರ ಕೊಡಬೇಕಾದ್ದರಿಂದ ಅಲ್ಲಿ ಕಳ್ಳರು ಕಡಿಮೆ ಎನ್ನುತ್ತಾನೆ. ಇವತ್ತು ಹಂಪಿಗೆ ಹೋದವರು ಮಹಾನವಮಿ ದಿಬ್ಬದ ಮೇಲೆ ನಿಂತು ಅರಸನ ಸಿಂಹಾಸನ ಎಲ್ಲಿತ್ತು ಎಂದು ಕೇಳುತ್ತಾರೆ. ನನ್ನ ಕಣ್ಣು ಮಾತ್ರ ಕೆಳಗಿನ ಬಾಗಿಲುವಾಡಗಳ ಕಡೆ ಹೋಗುತ್ತದೆ, ಒಂಬತ್ತು ದಿನ ಅಲ್ಲಿ ನಿದ್ದೆಗೆಟ್ಟವರ ಕಡೆ.

ರಜಾಕ್ ಹೇಳುವ ಒಂದು ಪ್ರಸಂಗ ನನ್ನನ್ನು ಬಿಟ್ಟಿಲ್ಲ. ಅವನ ಜೊತೆಗಾರ ಕೊಂಡಿದ್ದ ಗುಲಾಮರು ಓಡಿಹೋದರು. ದೂರು ಹೋಯಿತು. ಅಧಿಕಾರಿ ತನ್ನ ಗಂಟಿನಿಂದ ಒಂದು ಕಾಸೂ ಬಿಚ್ಚಲಿಲ್ಲ. ನಗರದ ಬಡವರು ವಾಸಿಸುವ ಕೇರಿಯ ಕಾವಲಿನವರಿಗೆ, ಹಿಡಿದು ತನ್ನಿ ಇಲ್ಲವೇ ಬೆಲೆ ಕಟ್ಟಿ ಎಂದು ಅಪ್ಪಣೆ ಮಾಡಿದ. ಅವರು ಎಷ್ಟಾಗುತ್ತದೆ ಎಂದು ಕೇಳಿ ಕಟ್ಟಿಬಿಟ್ಟರು. ಹೊಣೆ ಎಂಬುದು ಮೇಲಿನಿಂದ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಯಾರ ಹೆಗಲ ಮೇಲೆ ಕೂತಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ನನಗೆ ಸಿಕ್ಕಿಲ್ಲ.

ಹಳ್ಳಿಯ ವ್ಯವಸ್ಥೆ ಇದೇ ತತ್ವದ ಮೇಲೆ ನಿಂತಿತ್ತು. ಗೌಡ, ಕುಲಕರ್ಣಿ, ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ ಇವರೊಂದಿಗೆ ತಳವಾರ ಮತ್ತು ತೋಟಿ ಆಯಗಾರರ ಸಾಲಿಗೆ ಸೇರಿದವರು. ಇವರಿಬ್ಬರ ಕೆಲಸ ಬೇರೆ ಬೇರೆ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ಐದನೆಯ ವರದಿ ಇದನ್ನು ಸರಿಯಾಗಿ ಗುರುತಿಸಿದೆ: ತಳವಾರ ಅಪರಾಧಗಳ ಸುಳಿವು ಹಿಡಿಯುವವನು, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವವರನ್ನು ಕಾದು ಮುಟ್ಟಿಸುವವನು. ತೋಟಿಯ ಕೆಲಸ ಊರ ಎಲ್ಲೆಯೊಳಗಿನದು, ಬೆಳೆ ಕಾಯುವುದು, ಅಳತೆಗೆ ನೆರವಾಗುವುದು. ಮದುವೆ ದಿಬ್ಬಣ ಬಂಗಾರ ಹೇರಿಕೊಂಡು ಹೊರಟಾಗ, ಜಾತ್ರೆಗೆ ಹೋಗುವ ಬಂಡಿಗಳು ಹತ್ತಿಪ್ಪತ್ತು ಸೇರಿದಾಗ, ತಳವಾರ ಮುಂದೆ ನಡೆದು ಸೀಮೆ ದಾಟಿಸುತ್ತಿದ್ದ. ಗಡಿಕಲ್ಲಿನ ಹತ್ತಿರ ಆಚೆಯ ಊರಿನ ತಳವಾರ ನಿಂತಿರುತ್ತಿದ್ದ. ಇವನು ಒಪ್ಪಿಸಬೇಕು, ಅವನು ಒಪ್ಪಿಕೊಳ್ಳಬೇಕು. ರಾತ್ರಿ ಬಯಲಿನಲ್ಲಿ ತಂಗಿದರೆ ಬಂಡಿಗಳನ್ನು ಸುತ್ತಲೂ ಬಿಟ್ಟು, ಎತ್ತುಗಳನ್ನು ನಡುವೆ ಕಟ್ಟಿ, ಹೆಣ್ಣುಮಕ್ಕಳನ್ನು, ಮಕ್ಕಳನ್ನು ಒಳಗೆ ಮಲಗಿಸಿ, ಇಬ್ಬರು ಸರದಿಯ ಮೇಲೆ ಎಚ್ಚರ ಇರುವುದು ವಾಡಿಕೆ. ಒಂಟಿ ಬಂಡಿ ಹೊರಡುತ್ತಲೇ ಇರಲಿಲ್ಲ.

1818ರಲ್ಲಿ ಪೇಶ್ವೆಗಳ ರಾಜ್ಯ ಇಂಗ್ಲಿಷರ ಕೈಗೆ ಹೋಯಿತು, ಅದರೊಂದಿಗೆ ನಮ್ಮ ಧಾರವಾಡ ಸೀಮೆಯೂ. ಮರುವರ್ಷ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಆ ರಾಜ್ಯದ ಬಗ್ಗೆ ವರದಿ ಬರೆದ. ಅದರಲ್ಲಿ ಹಳ್ಳಿಯ ಕಾವಲಿನವನ ವರ್ಣನೆ ಓದಿದಾಗ ನಮ್ಮಜ್ಜನನ್ನೇ ಕಂಡಂತಾಗುತ್ತದೆ. ಕಾವಲಿನವನಿಗೆ ಊರಿನ ಪ್ರತಿಯೊಬ್ಬನ ನಡತೆ ಗೊತ್ತಿರಬೇಕು. ರಾತ್ರಿ ಸುತ್ತಬೇಕು. ಕಳುವಾದರೆ ಹೆಜ್ಜೆ ಹಿಡಿದು ಕಳ್ಳನ ಜಾಡು ತೆಗೆಯಬೇಕು. ಜಾಡು ಪಕ್ಕದ ಊರಿನ ಸೀಮೆಗೆ ಹೋಯಿತು ಎಂದು ಅಲ್ಲಿಯ ಕಾವಲಿನವನಿಗೆ ತೋರಿಸಿ ಒಪ್ಪಿಸಿದರೆ ಇವನ ಹೊಣೆ ಅಲ್ಲಿಗೆ ಮುಗಿಯಿತು, ಅವನದು ಶುರುವಾಯಿತು. ಜಾಡು ಎಲ್ಲಿ ತಪ್ಪುತ್ತದೋ ಆ ಊರು ನಷ್ಟ ತುಂಬಿಕೊಡಬೇಕು.

ಹೆಜ್ಜೆ ಹಿಡಿಯುವುದನ್ನು ನಮ್ಮಜ್ಜ ಮೊಮ್ಮಕ್ಕಳಿಗೆ ಆಟದಂತೆ ಕಲಿಸಿದ್ದ. ಕಳುವಾದ ಮನೆಗೆ ಹೋದ ತಕ್ಷಣ ಒಳಗೆ ನುಗ್ಗುವಂತಿಲ್ಲ. ಮೊದಲು ಮಂದಿಯನ್ನು ಹಿಂದೆ ಸರಿಸಬೇಕು. ಅಂಗಳದ ಧೂಳಿನಲ್ಲಿ ಹೊಸ ಹೆಜ್ಜೆ ಕಂಡರೆ ಅದರ ಮೇಲೆ ಬುಟ್ಟಿ ಬೋರಲು ಹಾಕಬೇಕು, ಗಾಳಿಗೆ ಅಳಿಯಬಾರದು, ಕೋಳಿ ಕೆದರಬಾರದು. ಆಮೇಲೆ ಒಂದು ಜೋಳದ ದಂಟು ತಂದು ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಅಳತೆ ಮಾಡಿ ಮುರಿದಿಟ್ಟುಕೊಳ್ಳಬೇಕು. ಭಾರ ಹೊತ್ತವನ ಹಿಮ್ಮಡಿ ಆಳಕ್ಕೆ ಇಳಿದಿರುತ್ತದೆ, ಓಡಿದವನ ಬೆರಳು ಮಣ್ಣು ಎತ್ತಿರುತ್ತದೆ. ಕಳ್ಳ ಜಾಣನಾದರೆ ಹಳ್ಳದ ನೀರಿನಲ್ಲಿ ನಡೆದಿರುತ್ತಾನೆ, ಆಗ ಎರಡೂ ದಂಡೆ ನೋಡಿಕೊಂಡು ಹೋಗಬೇಕು, ಎಲ್ಲಿ ಹಸಿ ಹುಲ್ಲು ಮಲಗಿದೆ ಎಂದು. ಕಮ್ಮಾರನ ಸಾಲೆಯ ಹತ್ತಿರ ಜನ ಎಷ್ಟೇ ತುಳಿದಿದ್ದರೂ ಅಜ್ಜ ಆ ದಂಟಿನ ಅಳತೆಯ ಹೆಜ್ಜೆಯನ್ನು ಹೆಕ್ಕಿ ತೆಗೆಯುತ್ತಿದ್ದ. ಡಾಂಬರು ಬಂದ ಮೇಲೆ ಆ ವಿದ್ಯೆ ಹೋಯಿತು. ಅವನ ಮಕ್ಕಳಲ್ಲಿ ಯಾರಿಗೂ ಅದು ಪೂರ್ತಿ ಬರಲಿಲ್ಲ.

ಎಳ್ಳಮವಾಸ್ಯೆಯ ದಿನ ಅವನ ಕೆಲಸ ನಸುಕಿನಲ್ಲೇ ಶುರು. ಹಿಂದಿನ ಸಂಜೆ ಡಂಗುರ ಸಾರಿ, ಯಾರ ಮನೆಯಲ್ಲಿ ಯಾರೂ ಇರುವುದಿಲ್ಲವೋ ಅವರು ಹೇಳಿ ಹೋಗಬೇಕೆಂದು ತಿಳಿಸಿರುತ್ತಿದ್ದ. ಬೆಳಿಗ್ಗೆ ಒಂದೊಂದು ಮನೆಯವರೂ ಬಂಡಿ ಏರುವ ಮುಂಚೆ ಅಗಳಿ ಸರಿಸಿ ಕೀಲಿ ಹಾಕಿ ಅವನನ್ನು ಕರೆಯುತ್ತಿದ್ದರು. ಕಣದಲ್ಲಿ ರಾಶಿಯ ಮೇಲೆ ಯಾರೂ ಕೈ ಹಾಕದಂತೆ ಬೂದಿಯಿಂದಲೋ ಹಸಿ ಮಣ್ಣಿನಿಂದಲೋ ಮುದ್ರೆ ಒತ್ತುವ ಪದ್ಧತಿ ಹಳೆಯದು. ಒಂದು ಮುಷ್ಟಿ ಕಾಳು ತೆಗೆದರೂ ಮುದ್ರೆ ಒಡೆದು ಗೊತ್ತಾಗುತ್ತದೆ. ಅಜ್ಜ ಅದನ್ನೇ ಬಾಗಿಲಿಗೆ ತಂದಿದ್ದ. ಬಾಗಿಲ ಚೌಕಟ್ಟಿಗೂ ಕದಕ್ಕೂ ಸೇರುವಂತೆ ಒಂದು ಹಿಡಿ ಹಸಿ ಸಗಣಿ ಮೆತ್ತಿ, ಅದರ ಮೇಲೆ ಮನೆಯ ಯಜಮಾನಿಯ ಹೆಬ್ಬೆರಳು ಒತ್ತಿಸುತ್ತಿದ್ದ. ಯಜಮಾನನದಲ್ಲ, ಯಜಮಾನಿಯದು. ಒಳಗೆ ಏನೇನಿದೆ ಎಂದು ಗೊತ್ತಿರುವವಳು ಅವಳೇ ಎಂಬುದು ಅವನ ವಾದ. ಸಂಜೆ ಬಂದವರು ಮೊದಲು ಆ ಗುರುತು ನೋಡಿಕೊಳ್ಳುತ್ತಿದ್ದರು. ಹಿತ್ತಲ ಗೋಡೆಗಳ ಕಡೆ ಅವನು ಹೆಚ್ಚು ತಿರುಗುತ್ತಿದ್ದ. ಮಣ್ಣಿನ ಗೋಡೆಗೆ ಕನ್ನ ಹಾಕುವವನು ಬಾಗಿಲ ಕಡೆ ಬರುವುದಿಲ್ಲ, ದನದ ಕೊಟ್ಟಿಗೆಯ ಹಿಂದೆ, ನೀರು ಬಿದ್ದು ಮೆತ್ತಗಾದ ಕಡೆ ಕೂರುತ್ತಾನೆ. ಓಣಿಗೊಬ್ಬ ಮುದುಕಿಯನ್ನಾದರೂ ಕಟ್ಟೆಯ ಮೇಲೆ ಕೂರಿಸುವಂತೆ ಅವನು ಬೇಡಿಕೊಳ್ಳುತ್ತಿದ್ದ. ಅವಳ ಕೈಯಲ್ಲಿ ಒಂದು ತಾಟು, ಬಡಿಯಲು ಒಂದು ಸೌಟು. ಅಷ್ಟಿದ್ದರೆ ಸಾಕಿತ್ತು.

ಇದಕ್ಕೆಲ್ಲ ಅವನಿಗೆ ಸಿಗುತ್ತಿದ್ದದ್ದು ತಳವಾರಕಿ ಹೊಲ, ಸುಗ್ಗಿಯಲ್ಲಿ ಕಣಕ್ಕೆ ಹೋದಾಗ ಕೊಡುವ ಆಯದ ಕಾಳು, ಹಬ್ಬದ ಮರುದಿನ ಮನೆಮನೆಯಿಂದ ಬರುವ ತಂಗಳ ಹೋಳಿಗೆ. ಆಯ ಕೊಡುವಾಗ ಕೈ ಬಿಗಿ ಹಿಡಿಯುವವರು ಇದ್ದೇ ಇದ್ದರು. ಕಳುವಾದ ವರ್ಷ ಆಯ ನಿಲ್ಲಿಸುವವರೂ ಇದ್ದರು.

ತೋಟಿಯ ಪಾಡು ಇದಕ್ಕಿಂತ ಕೆಟ್ಟದು. ಹೆಚ್ಚಿನ ಊರುಗಳಲ್ಲಿ ಆ ಕೆಲಸ ಹೊಲಗೇರಿಯವರ ಪಾಲಿಗೆ ಬಂದಿತ್ತು. ಇಡೀ ಊರಿನ ಬೆಳೆ, ದನ, ಗುಡಿಯ ಪಲ್ಲಕ್ಕಿಯ ದಾರಿ ಕಾಯುವವನಿಗೆ ಅದೇ ಗುಡಿಯ ಮೆಟ್ಟಿಲು ಹತ್ತುವ ಹಕ್ಕು ಇರಲಿಲ್ಲ. ದೇವರ ಒಡವೆಗೆ ಅವನು ಕಾವಲು, ದೇವರಿಗೆ ಅವನು ಮೈಲಿಗೆ. ಮಗಳ ಮದುವೆ ಇದ್ದರೂ ಗೌಡರ ಕರೆ ಬಂದರೆ ಹೋಗಲೇಬೇಕು, ಹೋಗದಿದ್ದರೆ ಹೊಲಕ್ಕೆ ಸಂಚಕಾರ. ಹಳೆಯ ಕಾಲದ ಹಳ್ಳಿ ಎಷ್ಟು ಸುರಕ್ಷಿತವಾಗಿತ್ತು, ಬಾಗಿಲು ಹಾಕದೆ ಮಲಗುತ್ತಿದ್ದರು ಎಂದು ನೆನೆಯುವವರ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಲಗಿದವರ ನೆನಪು ಅದು. ಎಚ್ಚರ ಇದ್ದವರನ್ನು ಯಾರೂ ಕೇಳಿಲ್ಲ.

ಇಂಗ್ಲಿಷರು ಈ ವ್ಯವಸ್ಥೆಯನ್ನು ಕಿತ್ತುಹಾಕಲಿಲ್ಲ, ಕಾಗದಕ್ಕೆ ಇಳಿಸಿದರು. 1867ರ ಮುಂಬಯಿ ಹಳ್ಳಿ ಪೊಲೀಸು ಕಾಯ್ದೆ ತಳವಾರನನ್ನು ಪೊಲೀಸು ಪಾಟೀಲನ ಕೈಕೆಳಗೆ ಇಟ್ಟಿತು. 1874ರ ವತನು ಕಾಯ್ದೆ ಅವನ ಹೊಲವನ್ನು ವಂಶದ ಕೆಲಸಕ್ಕೆ ಗಂಟು ಹಾಕಿತು. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಗ್ರಾಮಾಧಿಕಾರಗಳ ಕಾಯ್ದೆ ಬಂತು. ತಳವಾರನ ಸೊಂಟದ ಪಟ್ಟಿಗೆ ಹಿತ್ತಾಳೆ ಬಿಲ್ಲೆ ಬಂತು. ನಷ್ಟ ತುಂಬಿಕೊಡುವ ಊರೊಟ್ಟಿನ ಹೊಣೆ ಮಾತ್ರ ಮೆಲ್ಲಗೆ ಕರಗಿತು. ಕಳುವಾದರೆ ಇನ್ನು ಮೇಲೆ ಪಂಚನಾಮೆ, ಫಿರ್ಯಾದಿ, ಠಾಣೆ.

ಹಬ್ಬದ ಕಾವಲಿನ ಹೆಸರಿನಲ್ಲಿ ನಡೆದ ಇನ್ನೊಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. 1911ರ ತಿದ್ದಿದ ಕಾಯ್ದೆಯ ನಂತರ ಅದು ನಮ್ಮ ಕಡೆಗೂ ಬಂತು. ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಬೇಲಿ ಹಾಕಿದ ವಸಾಹತುಗಳು ಎದ್ದವು. ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಆ ಜಾಗಗಳಿಗೆ ಇವತ್ತಿಗೂ ಜನ ಸೆಟ್ಲಮೆಂಟ್ ಎಂದೇ ಅನ್ನುತ್ತಾರೆ. ಒಳಗಿದ್ದವರು ಹಾಜರಿ ಕೊಡಬೇಕು, ಚೀಟಿ ಇಲ್ಲದೆ ಹೊರಗೆ ಹೋಗುವಂತಿಲ್ಲ. ಜಾತ್ರೆಗಳಲ್ಲಿ ತಮ್ಮ ಆಟ, ಮಾರಾಟ, ಭವಿಷ್ಯ ಹೇಳುವುದು, ಬುಟ್ಟಿ ಹೆಣೆಯುವುದು ಇದರಿಂದಲೇ ಬದುಕುತ್ತಿದ್ದ ಜನ ಅವರು. ಜಾತ್ರೆ ಅವರ ಸುಗ್ಗಿ. ಆ ಸುಗ್ಗಿಯಲ್ಲೇ ಅವರ ಕೈಕಾಲು ಕಟ್ಟಿಹಾಕಿತು ಸರ್ಕಾರ. ಹಳೆಯ ತಳವಾರ ಊರಿನ ಪ್ರತಿಯೊಬ್ಬನ ನಡತೆ ತಿಳಿದಿರುತ್ತಿದ್ದ, ಒಬ್ಬೊಬ್ಬನನ್ನು ಹೆಸರಿನಿಂದ, ಹೆಜ್ಜೆಯಿಂದ. ಈ ಕಾಯ್ದೆಗೆ ಯಾರ ನಡತೆಯೂ ಬೇಕಿರಲಿಲ್ಲ, ಕುಲ ಸಾಕಿತ್ತು. 1952ರ ಆಗಸ್ಟ್ 31ರಂದು ಅದು ರದ್ದಾಯಿತು. ಆ ಜನರ ಮಕ್ಕಳು ಮೊಮ್ಮಕ್ಕಳು ಅದನ್ನು ವಿಮುಕ್ತಿಯ ದಿನವಾಗಿ ಆಚರಿಸುತ್ತಾರೆ. ಆದರೆ ಹಬ್ಬ ಬಂದಾಗ ಊರ ಹೊರಗೆ ಗುಡಾರ ಹಾಕಿದವರ ಮೇಲೆ ಮೊದಲು ಕಣ್ಣು ಬೀಳುವುದು ಇನ್ನೂ ನಿಂತಿಲ್ಲ. ಊರೊಳಗಿನ ಪರಿಚಿತ ಮುಖದವನೇ ಕಳ್ಳನಾಗಿದ್ದ ಪ್ರಕರಣಗಳೇ ಹೆಚ್ಚು ಎಂದು ನಮ್ಮಜ್ಜ ಹೇಳುತ್ತಿದ್ದ. ಯಾವ ಮನೆ ಯಾವತ್ತು ಖಾಲಿ ಎಂದು ಗುಡಾರದವನಿಗೆ ಹೇಗೆ ಗೊತ್ತಾಗಬೇಕು?

ಆಗಿನ ಮೈಸೂರು ರಾಜ್ಯದ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಗೌಡಕಿ, ಶಾನುಭೋಗಿಕೆ, ತಳವಾರಕಿ, ತೋಟಿಕೆ ಒಂದೇ ಏಟಿಗೆ ಹೋದವು. ವಂಶದ ಜೀತ ಹೋಯಿತು. ಅದು ಹೋಗಲೇಬೇಕಿತ್ತು, ಅದರ ಬಗ್ಗೆ ನನ್ನ ಮನಸ್ಸಿನಲ್ಲಿ ಎರಡು ಮಾತಿಲ್ಲ. ಹೊಲಗಳು ಸರ್ಕಾರಕ್ಕೆ ಬಂದು, ಅರ್ಜಿ ಹಾಕಿದವರಿಗೆ ಮರುಮಂಜೂರಾದವು. ಆ ಅರ್ಜಿಗಳೇ ನನ್ನ ಮೇಜಿನ ಮೇಲೆ ಇದ್ದದ್ದು. ಹೆಬ್ಬೆಟ್ಟು ಒತ್ತಿದ ಕಾಗದಗಳು, ಮಾಸಿದ ಸನದುಗಳ ನಕಲು. ಹೊತ್ತಿಗೆ ಸರಿಯಾಗಿ ಅರ್ಜಿ ಹಾಕಲು ತಿಳಿಯದೆ ಹೊಲ ಕಳೆದುಕೊಂಡ ತೋಟಿ ಮನೆತನಗಳನ್ನು ನಾನು ಬಲ್ಲೆ. ತಲೆತಲಾಂತರ ಊರಿನ ಸೊತ್ತು ಕಾದವರ ಸೊತ್ತನ್ನು ಕಾಯುವವರು ಇರಲಿಲ್ಲ.

ತಳವಾರ ಹೋದ ಮೇಲೆ ಆ ಜಾಗಕ್ಕೆ ಏನು ಬಂತು? 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಆಯಿತು. ಊರಿನ ಯುವಕರೇ ದಳ ಕಟ್ಟಿ ಪೊಲೀಸರಿಗೆ ನೆರವಾಗಬೇಕು ಎಂಬ ಆಶಯ ಒಳ್ಳೆಯದು. ಕೆಲವು ಊರುಗಳಲ್ಲಿ ದಳ ಚೆನ್ನಾಗಿ ನಡೆಯಿತು, ನಮ್ಮ ಸುತ್ತಿನ ಊರುಗಳಲ್ಲಿ ಕೋಲು, ಸೀಟಿ ಹಂಚಿದ ಹುರುಪು ಬಹಳ ದಿನ ಉಳಿಯಲಿಲ್ಲ. ಪಟ್ಟಣಗಳಲ್ಲಿ ರಾತ್ರಿ ಸೀಟಿ ಊದುತ್ತ, ಕೋಲು ಕುಟ್ಟುತ್ತ ಬರುವ ಗೂರ್ಖಾ ಬಂದ. ನೇಪಾಳದ ಯಾವುದೋ ಬೆಟ್ಟದ ಊರಿನವನು, ನಮ್ಮ ದೀಪಾವಳಿಗೆ ನಮ್ಮ ಬೀದಿ ಕಾಯುತ್ತಾನೆ, ತಿಂಗಳ ಮೊದಲ ವಾರ ಬಾಗಿಲು ತಟ್ಟಿ ಹತ್ತೋ ಇಪ್ಪತ್ತೋ ಈಸಿಕೊಳ್ಳುತ್ತಾನೆ. ಆಯ ಕೇಳಲು ಕಣಕ್ಕೆ ಬರುತ್ತಿದ್ದ ತಳವಾರನ ನಿಲುವೇ ಅದು. ಅವನಿಗೂ ಕೈ ಬಿಗಿ ಹಿಡಿಯುವವರಿದ್ದಾರೆ.

ಹಳೆಯ ಪದ್ಧತಿ ಪೂರ್ತಿ ಜೀವಂತವಾಗಿರುವುದನ್ನು ನೋಡಬೇಕಾದರೆ ಮೇಲುಕೋಟೆಗೆ ಹೋಗಬೇಕು. ಚೆಲುವನಾರಾಯಣಸ್ವಾಮಿಯ ವೈರಮುಡಿ ಕಿರೀಟ ವರ್ಷವಿಡೀ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಫಾಲ್ಗುಣದಲ್ಲಿ ಉತ್ಸವದ ದಿನ ಅದನ್ನು ಅಧಿಕಾರಿಗಳ ಎದುರಿನಲ್ಲಿ ಹೊರತೆಗೆದು, ರಾಜಮುಡಿ ಎಂಬ ಇನ್ನೊಂದು ಕಿರೀಟದ ಜೊತೆ ಪೊಲೀಸು ಬಂದೋಬಸ್ತಿನಲ್ಲಿ ಮೇಲುಕೋಟೆಗೆ ಒಯ್ಯುತ್ತಾರೆ. ದಾರಿಯ ಊರುಗಳಲ್ಲಿ ಜನ ತೋರಣ ಕಟ್ಟಿ ನಿಂತಿರುತ್ತಾರೆ, ಪೂಜೆ ಸಲ್ಲುತ್ತದೆ, ಮುಂದಿನ ಊರಿಗೆ ಹೊರಡುತ್ತದೆ. ಹಗಲ ಬೆಳಕು ಅದಕ್ಕೆ ತಾಗಬಾರದು ಎಂಬ ನಂಬಿಕೆ. ರಾತ್ರಿ ಉತ್ಸವ ಮುಗಿದ ಮೇಲೆ ಮತ್ತೆ ಕಾವಲಿನಲ್ಲೇ ಖಜಾನೆಗೆ. ಭಕ್ತರು ಕಿರೀಟ ನೋಡಲು ಹೋಗುತ್ತಾರೆ. ಒಮ್ಮೆ ಹೋದಾಗ ನಾನು ಆ ಒಪ್ಪಿಸುವಿಕೆಯನ್ನೇ ಮನಸ್ಸಿನಲ್ಲಿ ಹಿಂಬಾಲಿಸಿದೆ. ಯಾರ ಕೈಯಿಂದ ಯಾರ ಕೈಗೆ ಎಂಬುದು ಪ್ರತಿ ಹೆಜ್ಜೆಯಲ್ಲೂ ಗೊತ್ತಿದೆ. ಗಡಿಕಲ್ಲಿನ ಬಳಿ ತಳವಾರ ತಳವಾರನಿಗೆ ದಿಬ್ಬಣ ಒಪ್ಪಿಸಿದ ಕ್ರಮ ಇಲ್ಲಿ ಉಳಿದಿದೆ.

ದೇವರ ಕಿರೀಟಕ್ಕೆ ಇರುವ ಆ ಕ್ರಮ ನಮ್ಮ ಮನೆಗಳಿಗೆ ಇಲ್ಲ. ದಸರೆ, ದೀಪಾವಳಿ ರಜೆ ಹತ್ತಿರ ಬಂದಂತೆ ಪೊಲೀಸರು ಆಟೋದಲ್ಲಿ ಮೈಕು ಕಟ್ಟಿ ಸಾರುತ್ತಾರೆ: ಊರಿಗೆ ಹೋಗುವವರು ಠಾಣೆಗೆ ತಿಳಿಸಿ, ಒಡವೆ ಬ್ಯಾಂಕಿನ ಲಾಕರಿನಲ್ಲಿಡಿ, ಜಾತ್ರೆಯಲ್ಲಿ ಸರದ ಮೇಲೆ ಸೆರಗು ಹೊದ್ದುಕೊಳ್ಳಿ, ಅನುಮಾನ ಬಂದರೆ 112ಕ್ಕೆ ಕರೆ ಮಾಡಿ. ಅದು ಡಂಗುರವೇ. ಕೇಳಿ ಠಾಣೆಗೆ ಹೋಗುವವರು ಕಡಿಮೆ. ಬದಲಿಗೆ ಬಸ್ಸು ಹತ್ತುವ ಮೊದಲೇ ಕುಟುಂಬದ ಫೋಟೋ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹೋಗುತ್ತದೆ, ಎಲ್ಲಿಗೆ, ಎಷ್ಟು ದಿನ ಎಂಬುದರ ಸಮೇತ. ಗೇಟಿನ ಹೊರಗೆ ಹೊಳೆಯುವ ದೊಡ್ಡ ಬೀಗ, ಅಂಗಳದಲ್ಲಿ ಮೂರು ದಿನದ ಪೇಪರು, ರಂಗೋಲಿ ಇಲ್ಲದ ಹೊಸ್ತಿಲು. ಹಬ್ಬದ ದಿನ ರಂಗೋಲಿ ಇಲ್ಲದ ಮನೆ ಎಂದರೆ ಖಾಲಿ ಮನೆ ಎಂದು ಯಾರಿಗಾದರೂ ತಿಳಿಯುತ್ತದೆ. ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಊರಿಗೆ ಹೋದವರ ಹೊಸ್ತಿಲಿಗೆ ಪಕ್ಕದ ಮನೆಯವರು ನೀರು ಹಾಕಿ ರಂಗೋಲಿ ಎಳೆಯುತ್ತಾರೆ, ಸಂಜೆ ಕಟ್ಟೆಯ ಮೇಲೆ ಒಂದು ಹಣತೆ ಇಡುತ್ತಾರೆ, ಪೇಪರು ಎತ್ತಿಟ್ಟುಕೊಳ್ಳುತ್ತಾರೆ. ಹೋದವರು ಹೇಳಿಯೇ ಹೋಗಬೇಕು, "ವೈನಿ, ಮೂರ ದಿನ ಮನಿ ನಿಮ್ಮ ಮ್ಯಾಲ" ಎಂದು. ಹಾಗೆ ಹೇಳಿಸಿಕೊಂಡವಳು ರಾತ್ರಿ ಒಂದು ಸಲವಾದರೂ ಎದ್ದು ಕಿಟಕಿಯಿಂದ ನೋಡುತ್ತಾಳೆ. ಕ್ಯಾಮೆರಾ 24 ತಾಸು ನೋಡುತ್ತದೆ, ನಿಜ. ಕಳುವಾದರೆ ಅದು ಯಾರಿಗೂ ಉತ್ತರ ಹೇಳಬೇಕಿಲ್ಲ.

ಊರಿನ ಜಾತ್ರಾ ಕಮಿಟಿಯಲ್ಲಿ ನಾನೂ ಒಬ್ಬ ಸದಸ್ಯ. ಕೆಲವು ವರ್ಷಗಳಿಂದ ಓಣಿಗೆ ಇಬ್ಬರಂತೆ ಹುಡುಗರು ತೇರಿನ ದಿನ ಊರೊಳಗೆ ತಿರುಗುತ್ತಾರೆ. ಯಾವ ಓಣಿಗೆ ಯಾರು ಎಂದು ಹೆಸರು ಬರೆದು ಪಂಚಾಯಿತಿ ಕಚೇರಿಯ ಹಲಗೆಗೆ ಹಚ್ಚುತ್ತೇವೆ, ಒಂದು ಪ್ರತಿ ಬೀಟ್ ಪೊಲೀಸರಿಗೆ. ಎಲ್ಲ ಕೇರಿಗಳಿಂದಲೂ ಹುಡುಗರು, ಸರದಿಯ ಮೇಲೆ. ಒಂದು ವರ್ಷ ಕಾದವನಿಗೆ ಮರುವರ್ಷ ಕಾವಲಿಲ್ಲ. ಇದು ಒಂದೇ ಮನೆತನದ ಕೆಲಸ ಮತ್ತೆ ಆಗಬಾರದು ಎಂದು ನಾನು ಹಟ ಹಿಡಿದು ಬರೆಸಿದ ನಿಯಮ. ಆದರೆ ಕಾದ ಹುಡುಗರಿಗೆ ಕೊಡುವುದೇನು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸೇವೆ ಎಂದ ಮೇಲೆ ದುಡ್ಡು ಏಕೆ ಎನ್ನುವವರು ಇದ್ದಾರೆ. ಹೂವಿನವರು, ಮೈಕಿನವರು, ಪೆಂಡಾಲಿನವರು, ನಾಟಕದ ಕಂಪನಿಯವರು ಎಲ್ಲರಿಗೂ ರಸೀದಿ ಬರೆದು ಹಣ ಕೊಡುತ್ತೇವೆ. ಬರುವ ಸಭೆಯಲ್ಲಿ ಜಾತ್ರೆಯ ಖರ್ಚಿನ ಪಟ್ಟಿಗೆ ಒಂದು ಸಾಲು ಸೇರಿಸಲು ನಾನು ಕೇಳಲಿದ್ದೇನೆ: ಓಣಿ ಕಾವಲು, ಒಬ್ಬೊಬ್ಬರಿಗೆ ಒಂದು ದಿನದ ಪೂರ್ತಿ ಕೂಲಿ, ಮತ್ತು ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಿಸಿ ಊಟ.